ಬಿಚ್ಚಿದ ಪ್ಲಾಸ್ಟಿಕ್ ಅಂಗಡಿಗೇ ವಾಪಸ್ ಬರಲಿ: ಸೂಪರ್‌ಮಾರ್ಕೆಟ್‌ಗಳ ಖರೀದಿ ವಿಭಾಗಕ್ಕೆ ಬಹಿರಂಗ ಪತ್ರ

ಸೂಪರ್‌ಮಾರ್ಕೆಟ್‌ಗಳ ಖರೀದಿ ವಿಭಾಗದ ಮುಖ್ಯಸ್ಥರಿಗೆ, ಅಂಗಡಿ ಮ್ಯಾನೇಜರುಗಳಿಗೆ, ಜೊತೆಗೆ ಅಲ್ಲಿ ಸಾಮಾನು ಕೊಳ್ಳುವ ಎಲ್ಲರಿಗೆ,

ಮಾನ್ಯರೇ,

ಬಿಲ್ ಕೌಂಟರ್ ದಾಟಿದ ಕೂಡಲೇ ಒಂದು ಮೇಜು. ಅದಕ್ಕೆ ದಾರ ಕಟ್ಟಿದ ಮೊಂಡು ತುದಿಯ ಕತ್ತರಿ. ಪಕ್ಕದಲ್ಲಿ ನಾಲ್ಕು ಡಬ್ಬ. ಆ ಡಬ್ಬಗಳಿಗೆ ಬಿದ್ದದ್ದನ್ನು ವಾರಕ್ಕೊಮ್ಮೆ ತೂಗಿ ಬರೆದಿಡಲು ಒಂದು ಪುಸ್ತಕ. ನಾವು ಕೇಳುತ್ತಿರುವುದು ಇಷ್ಟೇ. ಮೇಜು, ಕತ್ತರಿ, ಡಬ್ಬ ಇಡುವುದು ಸುಲಭ, ಫೋಟೊಗೂ ಚೆನ್ನಾಗಿ ಕಾಣುತ್ತದೆ. ಪುಸ್ತಕದ ಮಾತು ಬಂದಾಗ ಎಲ್ಲರೂ ಜಾರಿಕೊಳ್ಳುತ್ತಾರೆ. ಹಾಗಾಗಿ ಈ ಪತ್ರದ ತಿರುಳು ಆ ಪುಸ್ತಕವೇ.

ಗಿರಾಕಿ ಬಿಚ್ಚಿಕೊಟ್ಟ ಕವರ್ ಮರುಬಳಕೆ ಕಾರ್ಖಾನೆಗೆ ಹೋದರೆ ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಅದರ ಲೆಕ್ಕ ಖರೀದಿ ವಿಭಾಗಕ್ಕೆ ಹೋಗಬೇಕು. ಬಿಸ್ಕತ್ತಿಗೆ ಟ್ರೇ ಬೇಕೇ, ಟ್ರೇ ಮೇಲೆ ಕವರ್ ಬೇಕೇ, ಕವರ್ ಮೇಲೆ ರಟ್ಟು ಬೇಕೇ ಎಂದು ಒಪ್ಪಿ ಸಹಿ ಹಾಕುವವರು ಅಲ್ಲಿದ್ದಾರೆ. ಕಸ ನೋಡುವವರು ಬೇರೆ, ಸಹಿ ಹಾಕುವವರು ಬೇರೆ ಆಗಿರುವತನಕ ಹೊದಿಕೆ ಕಡಿಮೆಯಾಗುವುದಿಲ್ಲ. 1991ರಲ್ಲಿ ಜರ್ಮನಿ ಹೊರಡಿಸಿದ ಪ್ಯಾಕೇಜಿಂಗ್ ಆದೇಶದ ಹಿಂದೆ ಇದ್ದದ್ದು ಈ ತರ್ಕವೇ. ಹೊರಹೊದಿಕೆಯನ್ನು ಗಿರಾಕಿ ಅಂಗಡಿಯಲ್ಲೇ ಬಿಟ್ಟುಹೋಗಬಹುದು, ಅಂಗಡಿ ಅದನ್ನು ಇಟ್ಟುಕೊಳ್ಳಲೇಬೇಕು ಎಂದು ಅದು ಹೇಳಿತು. 2018ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೀನ್‌ಶಮ್ ಎಂಬ ಊರಿನಲ್ಲಿ ಗಿರಾಕಿಗಳು ಒಟ್ಟಾಗಿ ಸಾಮಾನು ಕೊಂಡು, ಹಣ ಕೊಟ್ಟು, ಪ್ಲಾಸ್ಟಿಕ್ಕನ್ನು ಕೌಂಟರ್ ಬಳಿಯೇ ಬಿಚ್ಚಿಟ್ಟು ಹೋದರು. ಅದೇ ಬಗೆಯ ಪ್ರತಿಭಟನೆ ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ಒಂದು ದಿನದ ಪ್ರತಿಭಟನೆ ಸುದ್ದಿಯಾಗುತ್ತದೆ. ಪ್ರತಿ ವಾರದ ತೂಕ ಲೆಕ್ಕಕ್ಕೆ ಸಿಗುತ್ತದೆ. ನಮಗೆ ಎರಡನೆಯದು ಬೇಕು.

ಮೊದಲು ಯಾವುದು ಹೆಚ್ಚುವರಿ, ಯಾವುದು ಅಲ್ಲ ಎಂಬುದನ್ನು ನೋಡೋಣ. ಕಾಣುವ ಪ್ಲಾಸ್ಟಿಕ್ಕೆಲ್ಲ ದಂಡ ಎಂದು ಕೂಗುವವರ ಸಾಲಿನಲ್ಲಿ ನಾವಿಲ್ಲ. ಪೆಟ್ಟಾಗದಂತೆ ನೋಡಿಕೊಳ್ಳುವುದು, ತೇವ ಮತ್ತು ಆಮ್ಲಜನಕ ತಡೆಯುವುದು, ಸೋರದಂತೆ ಹಿಡಿಯುವುದು, ಯಾರೂ ಕೈಹಾಕಿಲ್ಲವೆಂದು ತೋರಿಸುವುದು, ಮಾಹಿತಿ ಹೊರುವುದು, ಇವು ಹೊದಿಕೆಯ ಕೆಲಸಗಳು. ಒಂದು ಪದರವನ್ನು ಮನಸ್ಸಿನಲ್ಲೇ ತೆಗೆದುಹಾಕಿ, ಇವುಗಳಲ್ಲಿ ಯಾವ ಕೆಲಸ ನಿಂತುಹೋಯಿತು ಎಂದು ಕೇಳಿ. ಯಾವುದೂ ನಿಲ್ಲದಿದ್ದರೆ ಅದು ಹೆಚ್ಚುವರಿ. ಆಲೂಗಡ್ಡೆ ಚಿಪ್ಸ್ ಪೊಟ್ಟಣ ಉಬ್ಬಿರುವುದನ್ನು ನೋಡಿ ಗಾಳಿ ಮಾರುತ್ತಿದ್ದಾರೆ ಎಂದು ಬೈಯುವುದು ರೂಢಿ. ಆದರೆ ಅದರೊಳಗಿರುವುದು ನೈಟ್ರೋಜನ್. ಎಣ್ಣೆ ಕಮಟು ಹಿಡಿಯದಂತೆ, ಚಿಪ್ಸ್ ಪುಡಿಯಾಗದಂತೆ ಕಾಯುತ್ತದೆ. ಅಲ್ಲಿ ಪ್ರಶ್ನಿಸಬೇಕಾದ್ದು ಪೊಟ್ಟಣದ ಪದರಗಳನ್ನು. ಆದರೆ ಎರಡು ಸೋಪುಗಳನ್ನು ಒಟ್ಟಿಗೆ ಮಾರಲು ಸುತ್ತಿದ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ), ಆರು ಬಾಟಲಿಗಳ ಸುತ್ತ ಬಿಗಿದ ಶ್ರಿಂಕ್ ಕವರ್, ಟ್ಯೂಬಿನ ಸುತ್ತಲಿನ ಡಬ್ಬಿ, ಆ ಡಬ್ಬಿಯ ಮೇಲೆ ಮತ್ತೊಂದು ಪಾರದರ್ಶಕ ಹಾಳೆ, ಇವಕ್ಕೆ ರ‍್ಯಾಕಿನಲ್ಲಿ ಎದ್ದು ಕಾಣುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ.

ಹಣ್ಣು ತರಕಾರಿಯ ವಿಚಾರದಲ್ಲಿ ವಾದ ಸ್ವಲ್ಪ ಸೂಕ್ಷ್ಮ. ಸೌತೆಕಾಯಿಯ ಮೇಲಿನ ತೆಳು ಫಿಲ್ಮ್ ನೀರಿನಂಶ ಆರುವುದನ್ನು ತಡೆಯುತ್ತದೆ. ದೂರದ ಲಾರಿ ಪ್ರಯಾಣದಲ್ಲಿ ಅದು ಕೆಲಸಕ್ಕೆ ಬರುತ್ತದೆ. ಆದರೆ ಕ್ರೇಟಿನೊಳಗೆ ಒಂದೇ ದೊಡ್ಡ ಲೈನರ್ ಕವರ್ ಹಾಕಿದರೂ ಆ ತೇವ ಬಹುಮಟ್ಟಿಗೆ ಉಳಿಯುತ್ತದೆ, ಒಂದೊಂದು ಕಾಯಿಗೂ ಅಂಗಿ ತೊಡಿಸಬೇಕಾಗಿಲ್ಲ. ತ್ಯಾಜ್ಯ ತಗ್ಗಿಸಲು ಕೆಲಸ ಮಾಡುವ ಬ್ರಿಟನ್ನಿನ ವ್ರ್ಯಾಪ್ ಸಂಸ್ಥೆ ಸೇಬು, ಬಾಳೆಹಣ್ಣು, ಬ್ರಕೋಲಿ, ಸೌತೆಕಾಯಿ, ಆಲೂಗಡ್ಡೆ ಈ ಐದನ್ನು ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತು. ಹೊದಿಕೆಗಿಂತ ಸರಿಯಾದ ತಂಪಿನಲ್ಲಿ ಇಡುವುದೇ ಬಾಳಿಕೆಗೆ ಮುಖ್ಯ, ಬಿಡಿಯಾಗಿ ಸಿಕ್ಕರೆ ಜನ ಬೇಕಾದಷ್ಟೇ ಕೊಳ್ಳುವುದರಿಂದ ಮನೆಯಲ್ಲಿ ಕೊಳೆತು ಎಸೆಯುವುದೂ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಒಂದೂವರೆ ಕಿಲೋಗಿಂತ ಕಡಿಮೆಯ ತಾಜಾ ಹಣ್ಣು ತರಕಾರಿಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಹೊದಿಕೆಯನ್ನು, ಕೆಲವು ವಿನಾಯಿತಿಗಳೊಂದಿಗೆ, 2030ರಿಂದ ಯುರೋಪಿಯನ್ ಒಕ್ಕೂಟ ನಿಷೇಧಿಸಲಿದೆ. ಕಾನೂನು ಬರಲಿ ಎಂದು ಕಾಯುತ್ತ ಕೂರಬೇಕಾದ ವಿಷಯವಲ್ಲ ಇದು.

ಇನ್ನೊಂದು ಲೆಕ್ಕ ಖರೀದಿ ವಿಭಾಗಕ್ಕೆ ಗೊತ್ತಿರಲೇಬೇಕು. ಒಂದು ಕಿಲೋ ಪೊಟ್ಟಣವನ್ನು ಅದೇ ಆಕಾರದ, ಅದೇ ದಪ್ಪದ ಹತ್ತು 100 ಗ್ರಾಂ ಪೊಟ್ಟಣ ಮಾಡಿದರೆ ಹೊದಿಕೆ ಸುಮಾರು 2.15 ಪಟ್ಟಾಗುತ್ತದೆ. ಸೀಲ್ ಮಾಡುವ ಅಂಚುಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಆ ಹತ್ತನ್ನು ಮತ್ತೆ ಒಂದು ದೊಡ್ಡ ಕವರಿಗೆ ತುಂಬಿ ‘ಫ್ಯಾಮಿಲಿ ಪ್ಯಾಕ್’ ಎಂದು ಮಾರುವುದಕ್ಕೆ ಏನನ್ನಬೇಕೋ ನೀವೇ ಹೇಳಿ.

ದಪ್ಪದ ಲೆಕ್ಕವೂ ಕಷ್ಟದ್ದಲ್ಲ. ಪಾಲಿಥೀನಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 0.92 ಗ್ರಾಂ. ಆದ್ದರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಹಾಳೆಯ ಒಂದು ಚದರ ಮೀಟರ್ 46 ಗ್ರಾಂ ತೂಗುತ್ತದೆ. 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಪೊಟ್ಟಣಕ್ಕೆ ಎರಡೂ ಬದಿ ಸೇರಿ 5.5 ಗ್ರಾಂ. ದಪ್ಪವನ್ನು 40 ಮೈಕ್ರಾನಿಗೆ ಇಳಿಸಿದರೆ ಲಕ್ಷ ಪೊಟ್ಟಣಕ್ಕೆ 110 ಕಿಲೋ ಉಳಿತಾಯ. ಇಲ್ಲೇ ಒಂದು ಮೋಸವೂ ಅಡಗಿದೆ. ತೂಕ ಇಳಿಸಿದೆವು ಎಂದು ಹೇಳಿಕೊಳ್ಳಲು ಕೆಲವರು ಒಂದೇ ಜಾತಿಯ ಪಾಲಿಥೀನ್ ಬಿಟ್ಟು ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್), ಅಲ್ಯೂಮಿನಿಯಂ, ಪಾಲಿಥೀನ್ ಅಂಟಿಸಿದ ತೆಳು ಪದರಗಳಿಗೆ ಹೋಗುತ್ತಾರೆ. ಕಾಗದದ ಮೇಲೆ ಗ್ರಾಂ ಕಡಿಮೆ. ಆದರೆ ಮೈಕ್ರಾನ್ ಲೆಕ್ಕದ ಆ ಪದರಗಳನ್ನು ಬಿಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಗುಜರಿಯವರು ಅದನ್ನು ಮುಟ್ಟದಿರುವುದು ಈ ಕಾರಣಕ್ಕೆ.

ಈಗ ಡಬ್ಬಗಳ ವಿಷಯ.

ಮೊದಲನೆಯದು ಹಿಗ್ಗುವ ಫಿಲ್ಮಿಗೆ. ಬೆರಳಿನಿಂದ ಎಳೆದಾಗ ಹರಿಯುವ ಮೊದಲು ಹಿಗ್ಗಿದರೆ ಅದು ಬಹುತೇಕ ಪಾಲಿಥೀನ್. ಪಟಪಟ ಸದ್ದು ಮಾಡಿ ಹಿಗ್ಗದೆ ಹರಿದರೆ ಪಾಲಿಪ್ರೊಪಿಲೀನ್ ಅಥವಾ ಬೇರೇನೋ, ಅದು ಇಲ್ಲಿ ಬೇಡ. ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕಿಗೆ: ತ್ರಿಕೋನದಲ್ಲಿ 1, 2, 5 ಎಂದಿರುವ ಬಾಟಲಿ, ಡಬ್ಬಿ, ತಿಳಿಬಣ್ಣದ ಟ್ರೇ. ನಾಲ್ಕನೆಯದು ರಟ್ಟು, ಕಾಗದ. ಬಿಲ್ ಚೀಟಿ ಇಲ್ಲಿ ಬೀಳಬಾರದು, ಅದರ ರಾಸಾಯನಿಕ ಲೇಪನ ಕಾಗದದ ತಿರುಳನ್ನು ಕೆಡಿಸುತ್ತದೆ. ಮೂರನೆಯ ಡಬ್ಬ ಉಳಿದ ಎಲ್ಲಕ್ಕೂ: ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣ, ಪಟಪಟ ಕವರ್, ಕಪ್ಪು ಟ್ರೇ, ಥರ್ಮಾಕೋಲ್, ಬಲೆ ಚೀಲ, ‘ಬಯೋ’ ಎಂದು ಬರೆದ ಕವರ್.

ನಾಲ್ಕರಲ್ಲಿ ಮುಖ್ಯವಾದದ್ದು ಆ ಮೂರನೆಯದೇ. ಅದಕ್ಕೆ ಬಿದ್ದದ್ದನ್ನು ಸದ್ಯಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಆದ್ದರಿಂದಲೇ ಅದರ ತೂಕ ಬೇಕು. ಮುಚ್ಚಳದ ಮೇಲೆ ದೊಡ್ಡಕ್ಷರದಲ್ಲಿ ‘ಇದು ಮರುಬಳಕೆಯಾಗುವುದಿಲ್ಲ, ನಮ್ಮ ಲೆಕ್ಕಕ್ಕಾಗಿ ಹಾಕಿ’ ಎಂದು ಬರೆಯಿರಿ. ಹಸಿರು ಎಲೆಯ ಚಿತ್ರ ಬರೆದು ಗಿರಾಕಿಯ ಕಣ್ಣಿಗೆ ಮಣ್ಣೆರಚಬೇಡಿ.

ತ್ರಿಕೋನದೊಳಗಿನ ಅಂಕಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಸಂಘಟನೆ ತಂದ ಆ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ, ಮರುಬಳಕೆ ಆಗುತ್ತದೆ ಎಂದಲ್ಲ. 7 ಎಂದರೆ ‘ಇತರೆ’. ಅದರೊಳಗೆ ಏನು ಬೇಕಾದರೂ ಇರಬಹುದು. ಅಂಕಿ ಅಳಿಸಿಹೋಗಿದ್ದರೆ ಚೂರೊಂದನ್ನು ಕತ್ತರಿಸಿ, ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪಿಇಟಿ, ಪಿವಿಸಿ, ಪಾಲಿಸ್ಟೈರೀನ್ ಮುಳುಗುತ್ತವೆ. ಸೋಪು ಯಾಕೆಂದರೆ ಅಂಟಿಕೊಂಡ ಗಾಳಿಗುಳ್ಳೆ ಮುಳುಗಬೇಕಾದದ್ದನ್ನೂ ತೇಲಿಸಿಬಿಡುತ್ತದೆ. ಥರ್ಮಾಕೋಲ್ ಪಾಲಿಸ್ಟೈರೀನೇ ಆದರೂ ನೊರೆಯಾದ್ದರಿಂದ ತೇಲುತ್ತದೆ, ಅದನ್ನು ಕಣ್ಣಿನಿಂದಲೇ ಗುರುತಿಸಬೇಕು. ಕಪ್ಪು ಟ್ರೇ ಮೂರನೆಯ ಡಬ್ಬಕ್ಕೆ ಎಂದದ್ದಕ್ಕೆ ಕಾರಣ ಜಾತಿಯಲ್ಲ, ಬಣ್ಣ. ವಿಂಗಡಣೆ ಯಂತ್ರಗಳು ಅವಕೆಂಪು ಬೆಳಕು ಹಾಯಿಸಿ ಹಿಂದಿರುಗಿದ ಬೆಳಕಿನಿಂದ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುತ್ತವೆ. ಮಾಮೂಲಿ ಕಪ್ಪು ಬಣ್ಣದಲ್ಲಿರುವ ಮಸಿ ಆ ಬೆಳಕನ್ನು ನುಂಗಿಬಿಡುವುದರಿಂದ ಟ್ರೇ ಯಂತ್ರಕ್ಕೆ ಕಾಣಿಸುವುದೇ ಇಲ್ಲ. ಬಾಟಲಿಯ ಮೈತುಂಬ ಬೇರೆ ಪ್ಲಾಸ್ಟಿಕ್ಕಿನ ಲೇಬಲ್ ಹೊದಿಸಿದರೆ ಯಂತ್ರ ಒಳಗಿನ ಬಾಟಲಿಯನ್ನು ಬಿಟ್ಟು ಲೇಬಲನ್ನೇ ಓದುತ್ತದೆ. ಈ ಎರಡನ್ನೂ ಖರೀದಿ ಒಪ್ಪಂದದಲ್ಲಿ ಒಂದೊಂದು ಸಾಲು ಬರೆದು ನಿಲ್ಲಿಸಬಹುದು, ಹೊಸ ಯಂತ್ರವೇನೂ ಬೇಕಿಲ್ಲ.

ಅತಿ ಹೆಚ್ಚು ಕೆಡುವುದು ಮೊದಲನೆಯ ಡಬ್ಬ, ಅಂದರೆ ಫಿಲ್ಮ್. ಇದನ್ನು ತೊಳೆದು, ಸುಮಾರು 200 ಡಿಗ್ರಿಯಲ್ಲಿ ಕರಗಿಸಿ, ಮತ್ತೆ ಹಾಳೆಯಾಗಿ ಊದುತ್ತಾರೆ. ತೇವ ಉಳಿದಿದ್ದರೆ ಅದು ಆವಿಯಾಗಿ ಹಾಳೆಯಲ್ಲಿ ಗುಳ್ಳೆ, ತೂತು ಏಳುತ್ತವೆ. ಕಾಗದದ ಸ್ಟಿಕ್ಕರ್ ನಾರು ನಾರಾಗಿ ಬಿಟ್ಟುಕೊಂಡು ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ, ಜರಡಿ ಕಟ್ಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಬೆರೆತರೆ ಎರಡೂ ಒಂದಕ್ಕೊಂದು ಹೊಂದದೆ ಹಾಳೆ ದುರ್ಬಲವಾಗುತ್ತದೆ. ಪಿವಿಸಿ ಕ್ಲಿಂಗ್ ಫಿಲ್ಮ್ (ಆಹಾರಕ್ಕೆ ಅಂಟಿಕೊಳ್ಳುವಂತೆ ಸುತ್ತುವ ಹಾಳೆ) ಸೇರಿದರೆ ಬಿಸಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಯಂತ್ರವನ್ನೇ ತಿನ್ನುತ್ತದೆ. ಎಣ್ಣೆ, ಮಸಾಲೆ ವಾಸನೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೀಗಾಗಿ ಬೆರಕೆ ಫಿಲ್ಮಿನಿಂದ ಕೊನೆಗೆ ತಯಾರಾಗುವುದು ದಪ್ಪನೆಯ ಕಸದ ಚೀಲ, ಇಲ್ಲವೇ ಬೆಂಚಿನ ಹಲಗೆ. ಫಿಲ್ಮನ್ನು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಕ್ಕೆ ಹಾಕಿದರೆ ಇನ್ನೊಂದು ತಾಪತ್ರಯ: ವಿಂಗಡಣೆ ಘಟಕದ ತಿರುಗುವ ದಂಡಗಳಿಗೆ ಸುತ್ತಿಕೊಂಡು, ಯಂತ್ರ ನಿಲ್ಲಿಸಿ ಚಾಕುವಿನಿಂದ ಕತ್ತರಿಸಿ ತೆಗೆಯಬೇಕಾಗುತ್ತದೆ.

ಹಾಗಾಗಿ ಒಂದು ಎಚ್ಚರಿಕೆ. ನಿಮ್ಮ ಗೋದಾಮಿನಲ್ಲಿ ಪ್ಯಾಲೆಟ್‌ಗಳಿಗೆ (ಸಾಮಾನು ಪೇರಿಸುವ ಹಲಗೆಮಣೆಗಳಿಗೆ) ಸುತ್ತಿ ಬರುವ ಪಾರದರ್ಶಕ ಸ್ಟ್ರೆಚ್ ಫಿಲ್ಮ್ ಇದೆಯಲ್ಲ, ಅದು ಅತಿ ಶುದ್ಧ ಮಾಲು. ನೂರಕ್ಕೆ 98 ಪಾಲು ಬಣ್ಣವಿಲ್ಲದ್ದು, 2 ಪಾಲು ಬಣ್ಣದ್ದು ಇದ್ದರೆ ‘98/2’ ಎಂಬ ದರ್ಜೆಯಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತದೆ. ಗಿರಾಕಿಗಳಿಂದ ಬಂದ ಫಿಲ್ಮನ್ನು ಅದೇ ಬೇಲ್‌ಗೆ (ಒತ್ತಿ ಕಟ್ಟಿದ ಮೂಟೆಗೆ) ಸೇರಿಸಿದರೆ ಇಡೀ ಬೇಲ್ ಕೆಳದರ್ಜೆಗೆ ಇಳಿಯುತ್ತದೆ. ಆಗ ನಷ್ಟವಾಯಿತೆಂದು ವಾಪಸ್ ಪಡೆಯುವ ಕೆಲಸವನ್ನೇ ನಿಲ್ಲಿಸುವ ಆಸೆ ಹುಟ್ಟುತ್ತದೆ. ಎರಡನ್ನೂ ಬೇರೆ ಬೇರೆ ಕಟ್ಟಿ. ಸಾಗಾಟಕ್ಕೆ ಹೊಸ ಲಾರಿ ಬೇಡ. ಸಾಮಾನು ಇಳಿಸಿ ಖಾಲಿ ಮರಳುವ ಲಾರಿಯಲ್ಲೇ, ಮುಚ್ಚಳವಿರುವ ಪಂಜರದ ಗಾಡಿಯಲ್ಲಿ, ತಾಜಾ ಆಹಾರದ ಕ್ರೇಟುಗಳಿಗೆ ತಾಕದಂತೆ ಕಳಿಸಬಹುದು. ಸಡಿಲ ಫಿಲ್ಮ್ ಜಾಗ ತಿನ್ನುತ್ತದೆಯೇ ಹೊರತು ತೂಗುವುದಿಲ್ಲ, ಅದಕ್ಕೇ ಗೋದಾಮಿಗೆ ಒಂದು ಬೇಲಿಂಗ್ ಯಂತ್ರ ಬೇಕು.

ಸಂಗ್ರಹಿಸಿ ಕೈತೊಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಉದಾಹರಣೆ. ಅಲ್ಲಿನ ಸೂಪರ್‌ಮಾರ್ಕೆಟ್‌ಗಳ ಮೂಲಕ ಮೆತು ಪ್ಲಾಸ್ಟಿಕ್ ಸಂಗ್ರಹಿಸುತ್ತಿದ್ದ ರೆಡ್‌ಸೈಕಲ್ ಯೋಜನೆ 2022ರ ನವೆಂಬರ್‌ನಲ್ಲಿ ನಿಂತುಹೋಯಿತು. ಜನ ಶ್ರದ್ಧೆಯಿಂದ ತಂದುಕೊಟ್ಟ ಸಾವಿರಾರು ಟನ್ ಮಾಲು ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು. ಸಂಗ್ರಹ ಬೆಳೆಯುತ್ತ ಹೋದಂತೆ ಅದನ್ನು ಕೊಂಡು ಬಳಸುವ ಸಾಮರ್ಥ್ಯ ಬೆಳೆಯಲಿಲ್ಲ. ಆದ್ದರಿಂದ ಕೊಳ್ಳುವವರ ಜೊತೆ ಲಿಖಿತ ಒಪ್ಪಂದ ಆಗುವ ಮೊದಲು ‘ಮರುಬಳಕೆಗೆ’ ಎಂಬ ಫಲಕ ಹಾಕಬೇಡಿ. ಹಾಕಿದ ಮೇಲೆ ಆ ಮಾಲು ಯಾವ ವಸ್ತುವಾಯಿತು ಎಂದು ಹೇಳಬಲ್ಲವರಾಗಿರಿ. ಸಾಧ್ಯವಾದರೆ ನಿಮ್ಮದೇ ಕಸದ ಚೀಲ, ಗೋದಾಮಿನ ಫಿಲ್ಮ್ ಖರೀದಿಯಲ್ಲಿ ಇಷ್ಟು ಪಾಲು ಈ ಮಾಲಿನಿಂದಲೇ ಆಗಿರಬೇಕೆಂದು ಷರತ್ತು ಹಾಕಿ. ಗಿರಾಕಿ ನೀವೇ ಆದರೆ ಮಾರುಕಟ್ಟೆ ಹುಡುಕುವ ಕಷ್ಟ ಅರ್ಧ ತಪ್ಪುತ್ತದೆ.

ಇನ್ನು ಪುಸ್ತಕ. ದಿನಾಂಕ, ಡಬ್ಬದ ಸಂಖ್ಯೆ, ತೂಕ, ಕಳಿಸಿದ್ದು ಯಾರಿಗೆ, ನಾಲ್ಕೇ ಕಾಲಂ. ಜೊತೆಗೆ ವಾರಕ್ಕೊಂದು ದಿನ ಮೂರನೆಯ ಡಬ್ಬದಿಂದ ಆರಿಸದೆ ನೂರು ತುಂಡು ತೆಗೆದು, ಬಾರ್‌ಕೋಡ್ ಇದ್ದವನ್ನು ಸ್ಕ್ಯಾನ್ ಮಾಡಿ, ತಕ್ಕಡಿಗೆ ಹಾಕಿ. ಮಾರಿದ ಸಂಖ್ಯೆ ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿನಲ್ಲೇ ಇದೆ. ಎರಡನ್ನೂ ಹೊಂದಿಸಿದರೆ ಯಾವ ಸಾಮಾನಿನ ಹೊದಿಕೆಯನ್ನು ಜನ ಹೆಚ್ಚಾಗಿ ಕಿತ್ತು ಬಿಸಾಡುತ್ತಿದ್ದಾರೆ ಎಂಬುದು ಕೆಲವೇ ವಾರಗಳಲ್ಲಿ ಸ್ಪಷ್ಟವಾಗುತ್ತದೆ. ಸರಬರಾಜುದಾರರು ಕೊಟ್ಟ ಹೊದಿಕೆಯ ತೂಕಕ್ಕೂ ತಕ್ಕಡಿಯ ತೂಕಕ್ಕೂ ವ್ಯತ್ಯಾಸ ಕಂಡರೆ ಅದೇ ದಿನ ಪತ್ರ ಬರೆಯಿರಿ. ಪಟ್ಟಿಯ ಮೇಲಿನ ಹತ್ತು ಸಾಮಾನು ಹಿಡಿದು ಮುಂದಿನ ಒಪ್ಪಂದದ ಮಾತುಕತೆಗೆ ಕೂರಿ: ಹೊರಪದರ ತೆಗೆಯಲಾಗುತ್ತದೆಯೇ, ಒಂದೇ ಜಾತಿಯ ಪ್ಲಾಸ್ಟಿಕ್ಕಿಗೆ ಬರಲಾಗುತ್ತದೆಯೇ, ಕಪ್ಪು ಬಿಡಲಾಗುತ್ತದೆಯೇ, ಕಾಗದದ ಸ್ಟಿಕ್ಕರ್ ಬದಲು ನೇರ ಮುದ್ರಣ ಆಗುತ್ತದೆಯೇ. ರಟ್ಟಿನ ಪೆಟ್ಟಿಗೆಗಳಲ್ಲಿನ ಖಾಲಿ ಜಾಗವನ್ನೂ ಅಳೆಯಿರಿ. ಯುರೋಪಿನ 2025ರ ನಿಯಮ 2030ರಿಂದ ಸಾಗಾಟದ ಮತ್ತು ಆನ್‌ಲೈನ್ ಮಾರಾಟದ ಪೆಟ್ಟಿಗೆಗಳಲ್ಲಿ ಖಾಲಿ ಜಾಗ ಅರ್ಧಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ. ಗುಳ್ಳೆ ಹಾಳೆ, ಕಾಗದದ ಚೂರು ತುಂಬಿ ಜಾಗ ಭರ್ತಿ ಮಾಡಿದರೆ ಅದನ್ನೂ ಖಾಲಿ ಎಂದೇ ಎಣಿಸುತ್ತದೆ. ಬುದ್ಧಿವಂತ ನಿಯಮ.

ಬಿಡಿ ಮಾರಾಟ ಸೋಲುವುದು ಬಹುಪಾಲು ತಕ್ಕಡಿಯ ಬಳಿ. ಗಿರಾಕಿ ತಂದ ಡಬ್ಬಿಯ ತೂಕ ಕಳೆಯುವುದು ಹೇಗೆಂದು ಕೌಂಟರಿನವರಿಗೆ ಗೊತ್ತಿರುವುದಿಲ್ಲ, ಸಾಲು ಬೆಳೆಯುತ್ತದೆ, ಮುಂದಿನ ಸಲ ಆತ ಪ್ಯಾಕೆಟ್ಟನ್ನೇ ಎತ್ತಿಕೊಳ್ಳುತ್ತಾನೆ. ಒಳಬರುವ ಬಾಗಿಲಲ್ಲೇ ಖಾಲಿ ಡಬ್ಬಿ ತೂಗಿ, ಗ್ರಾಂ ಬರೆದ ಚೀಟಿ ಅಂಟಿಸುವ ತಕ್ಕಡಿ ಇಡಿ. ಕೌಂಟರಿನ ತಕ್ಕಡಿಯಲ್ಲಿ ಆ ಅಂಕಿಯನ್ನು ಒತ್ತಿದರೆ ಒಳಗಿನ ಸಾಮಾನಿನ ತೂಕ ಮಾತ್ರ ಉಳಿಯುತ್ತದೆ. ಒದ್ದೆ ಡಬ್ಬಿ, ಹಳೆಯ ವಾಸನೆಯ ಡಬ್ಬಿ ತಿರಸ್ಕರಿಸುವ ಹಕ್ಕು ಸಿಬ್ಬಂದಿಗೆ ಇರಲಿ, ಅದು ಬೋರ್ಡಿನ ಮೇಲೂ ಇರಲಿ.

ಕೊಳ್ಳುವವರಿಗೆ ಎರಡು ಮಾತು. ಮೇಜಿನ ಬಳಿ ಬಿಚ್ಚಬೇಕಾದ್ದು ಹೊರಪದರ ಮಾತ್ರ. ಬಳಸುವ ಗಡುವು, ಬ್ಯಾಚ್ ಸಂಖ್ಯೆ, ಅಲರ್ಜಿ ಸೂಚನೆ, ಬಾರ್‌ಕೋಡ್ ಹೊರಪದರದಲ್ಲೇ ಇದ್ದರೆ ಆ ಭಾಗ ಕತ್ತರಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಸಾಮಾನು ಬದಲಿಸಿಕೊಳ್ಳಬೇಕಾದಾಗ ಪೇಚಾಡುತ್ತೀರಿ. ಬಿಲ್ ಕೈಯಲ್ಲಿರಲಿ, ಬಿಚ್ಚಿದ ಸಾಮಾನು ಕಂಡು ಬಾಗಿಲ ಕಾವಲುಗಾರ ಪ್ರಶ್ನಿಸುವುದು ಅವನ ಕೆಲಸ. ಹಾಲು, ಮಾಂಸ, ಹಿಟ್ಟಿನ ಹೊದಿಕೆಯನ್ನು ಮನೆಯಲ್ಲಿ ಖಾಲಿ ಮಾಡಿ, ಪಾತ್ರೆ ತೊಳೆದುಳಿದ ನೀರಿನಲ್ಲೇ ಜಾಲಿಸಿ, ಒಳಮೈ ಹೊರಮೈ ಮಾಡಿ ಒಣಗಿಸಿ ತನ್ನಿ. ಇದಕ್ಕಾಗಿ ಬಿಸಿನೀರು ಕಾಯಿಸಬೇಡಿ. ಮಾಂಸದ ಟ್ರೇಯಲ್ಲಿನ ರಕ್ತ ಹೀರುವ ಪ್ಯಾಡ್ ಮನೆಯ ಕಸಕ್ಕೇ ಹೋಗಲಿ. ಒಂದು ಕವರಿನೊಳಗೆ ಇನ್ನೊಂದನ್ನು ತುರುಕಿ ಗಂಟು ಹಾಕಬೇಡಿ, ವಿಂಗಡಿಸುವವರು ಗಂಟು ಬಿಚ್ಚುತ್ತ ಕೂರುವುದಿಲ್ಲ, ಇಡೀ ಗಂಟನ್ನೇ ಕಸಕ್ಕೆ ಎಸೆಯುತ್ತಾರೆ. ಕೌಂಟರಿನಲ್ಲಿ ಕೂತವರ ಮೇಲೆ ರೇಗಾಡುವುದರಿಂದ ಏನೂ ಆಗುವುದಿಲ್ಲ. ಪ್ಯಾಕಿಂಗ್ ತೀರ್ಮಾನದಲ್ಲಿ ಅವರ ಪಾತ್ರ ನಿಮ್ಮಷ್ಟೇ.

ಖರೀದಿ ವಿಭಾಗದಿಂದ ನಮಗೆ ಬೇಕಾದ್ದು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ, ಅಂಗಡಿಯ ಗೋಡೆಯ ಮೇಲೆ, ಪ್ರತಿ ಮೂರು ತಿಂಗಳಿಗೊಮ್ಮೆ. ನಾಲ್ಕೂ ಡಬ್ಬಗಳಿಗೆ ಬಂದದ್ದೆಷ್ಟು ಕಿಲೋ? ಅದರಲ್ಲಿ ಮಾರಾಟವಾದದ್ದೆಷ್ಟು, ಸುಟ್ಟದ್ದು ಅಥವಾ ಹೂತದ್ದೆಷ್ಟು? ಪಟ್ಟಿಯ ಹತ್ತು ಸಾಮಾನುಗಳಲ್ಲಿ ಎಷ್ಟರ ಹೊದಿಕೆ ಬದಲಾಯಿತು, ಬದಲಾಗದವುಗಳ ಸರಬರಾಜುದಾರರು ಕೊಟ್ಟ ಕಾರಣವೇನು? ಎಲ್ಲ ಅಂಗಡಿಗಳಲ್ಲೂ ಒಮ್ಮೆಗೇ ಶುರುಮಾಡಬೇಕೆಂದಿಲ್ಲ. ಜಾಗವಿರುವ ಒಂದು ಅಂಗಡಿ, ಹನ್ನೆರಡು ವಾರ ಸಾಕು. ಮೊದಲ ವಾರದ ಅಂಕಿಗಳು ಮುಜುಗರ ತಂದರೂ ತಿದ್ದದೆ ಹಾಕಿ.

ಇಂತಿ,
ಪ್ಯಾಕಿಂಗ್, ವಿಂಗಡಣೆ ಮತ್ತು ಮರುಬಳಕೆ ಕೆಲಸ ಬಲ್ಲ ಕೆಲವರು